ಕ್ಯಾಂಪರ್ ವ್ಯಾನ್ ಎಸಿ ಕೈ ಕೊಟ್ಟಾಗ: ಪ್ಲಗ್‌ನಿಂದ ಛಾವಣಿವರೆಗೆ ಕರೆಂಟಿನ ದೋಷ ಹುಡುಕುವ ಕ್ರಮ

ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿ 66ರ ಪಕ್ಕ ವ್ಯಾನ್ ನಿಲ್ಲಿಸಿ ಮಲಗುವವರು ನನಗೆ ಕೇಳುವ ಪ್ರಶ್ನೆ ಒಂದೇ. "ಎಸಿ ತಂಪು ಮಾಡ್ತಿಲ್ಲ, ಗ್ಯಾಸ್ ಹಾಕಿಸಿದೆ, ಎರಡೇ ದಿನಕ್ಕೆ ಮತ್ತೆ ಅದೇ ಕತೆ. ಈಗೇನು ಮಾಡ್ಲಿ?"

ಛಾವಣಿ ಮೇಲೆ ಕೂರುವ ಎಸಿಯ ಗ್ಯಾಸ್ ಕೊಳವೆಗಳನ್ನು ಕಾರ್ಖಾನೆಯಲ್ಲೇ ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಅದರಲ್ಲಿ ಗ್ಯಾಸ್ ಸುಮ್ನೆ ಖಾಲಿಯಾಗುವುದಿಲ್ಲ. ಗ್ಯಾಸನ್ನು ಒತ್ತಿ ತಿರುಗಿಸುವ ಕಂಪ್ರೆಸರ್ ಸ್ಟಾರ್ಟ್ ಆಗದಿದ್ದರೂ ತಂಪು ಬರುವುದಿಲ್ಲ, ಗ್ಯಾಸ್ ಇಲ್ಲದಿದ್ದರೂ ಬರುವುದಿಲ್ಲ. ಒಳಗೆ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಹಾಗಾಗಿ ಮೊದಲು ಕರೆಂಟು ನೋಡಬೇಕು. ಅದನ್ನೂ ಕರೆಂಟು ಬರುವ ದಾರಿಯಲ್ಲೇ ನಡೆದು ನೋಡಬೇಕು: ಗೋಡೆಯ ಸಾಕೆಟ್, ವೈರ್, ವ್ಯಾನಿನ ಬೋರ್ಡ್, ಕಂಟ್ರೋಲ್ ಬೋರ್ಡ್, ಕೊನೆಗೆ ಛಾವಣಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಏಣಿ ಹಾಕಿ ಮೊದಲು ಛಾವಣಿಗೇ ಹತ್ತುತ್ತಾರೆ.

ನಾನೂ ಹತ್ತಿದವನೇ. ಒಂದು ಏಪ್ರಿಲ್ ಮಧ್ಯಾಹ್ನ ಕಾಸರಕೋಡಿನಲ್ಲಿ, ಕಾದ ತಗಡಿನ ಮೇಲೆ ಕೂತು ಕೆಪಾಸಿಟರ್ (ಕಂಪ್ರೆಸರ್ ಏಳಲು ಒತ್ತು ಕೊಡುವ ಡಬ್ಬಿ) ಬದಲಿಸಿದೆ. ಇಳಿದು ಬಂದು ನೋಡಿದರೆ ಪ್ಲಗ್‌ನ ನ್ಯೂಟ್ರಲ್ ಪಿನ್ ಸುಟ್ಟು ಕಪ್ಪಾಗಿತ್ತು.

ಈ ಬರಹ 230 ವೋಲ್ಟ್‌ನ, ಸಾಮಾನ್ಯ ಕಂಪ್ರೆಸರ್ ಇರುವ ರೂಫ್‌ಟಾಪ್ ಎಸಿ ಮತ್ತು ಹೀಟ್ ಪಂಪ್ (ಉಲ್ಟಾ ಓಡಿ ಬಿಸಿಗಾಳಿಯನ್ನೂ ಕೊಡುವ ಎಸಿ) ಬಗ್ಗೆ. ನಿಮ್ಮ ವ್ಯಾನಿನಲ್ಲಿ ಮನೆಯ ಇನ್ವರ್ಟರ್ ಸ್ಪ್ಲಿಟ್ ಎಸಿ ಕೂರಿಸಿದ್ದರೆ 1ರಿಂದ 4ನೇ ಹಂತದವರೆಗೆ ಮಾತ್ರ ಮಾಡಿ, ಅಲ್ಲಿಗೆ ನಿಲ್ಲಿಸಿ. ಅದರ ಹೊರಘಟಕದ ಬೋರ್ಡ್‌ನಲ್ಲಿ 300 ವೋಲ್ಟ್‌ಗೂ ಜಾಸ್ತಿ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಲವು ನಿಮಿಷ ಅದು ಉಳಿದಿರುತ್ತದೆ.

## ಕೈಯಲ್ಲಿ ಏನಿರಬೇಕು

ಕೆಪಾಸಿಟರ್ ಅಳೆಯುವ ಮಲ್ಟಿಮೀಟರ್, ಎಸಿ ಆಂಪಿಯರ್ ತೋರಿಸುವ ಕ್ಲ್ಯಾಂಪ್ ಮೀಟರ್, ಮೂರು ದೀಪದ ಸಾಕೆಟ್ ಟೆಸ್ಟರ್, ಇನ್ಸುಲೇಟೆಡ್ ಸ್ಕ್ರೂಡ್ರೈವರ್, ಟಾರ್ಚ್. ಕೆಪಾಸಿಟರ್ ಡಿಸ್ಚಾರ್ಜ್ ಮಾಡಲು 15 ಕಿಲೋ ಓಮ್, 5 ವ್ಯಾಟ್‌ನ ಒಂದು ರೆಸಿಸ್ಟರ್. ಅದರ ಎರಡೂ ತುದಿಗೆ ವೈರ್ ಬೆಸೆದು ಇನ್ಸುಲೇಶನ್ ಹಾಕಿಟ್ಟುಕೊಳ್ಳಿ. ಮಲ್ಟಿಮೀಟರ್ ಕೊಳ್ಳುವಾಗ ಮೇಲೆ 'ಕ್ಯಾಟ್ 3, 600 ವೋಲ್ಟ್' ಎಂದು ಬರೆದಿದೆಯಾ ನೋಡಿ. ರಸ್ತೆ ಬದಿಯ ಇನ್ನೂರು ರೂಪಾಯಿಯ ಹಳದಿ ಮೀಟರ್ ಈ ಕೆಲಸಕ್ಕೆ ಬೇಡ.

ಇನ್ನೊಂದನ್ನು ನೀವೇ ಮಾಡಿಕೊಳ್ಳಬೇಕು. ಒಂದಡಿ ಉದ್ದದ, 16 ಆಂಪಿಯರ್‌ನ ಎಕ್ಸ್‌ಟೆನ್ಶನ್ ತುಂಡು. ಅದರ ಹೊರಗಿನ ಸಿಪ್ಪೆಯನ್ನು ಮಾತ್ರ ನಡುವೆ ಒಂದು ಗೇಣು ಬಿಡಿಸಿ. ಒಳಗಿನ ಮೂರು ವೈರ್‌ಗಳ ಸಿಪ್ಪೆ ಮುಟ್ಟಬೇಡಿ. ಕ್ಲ್ಯಾಂಪ್ ಮೀಟರ್ ಒಂದೇ ವೈರನ್ನು ಸುತ್ತುವರಿದರೆ ಮಾತ್ರ ಆಂಪಿಯರ್ ತೋರಿಸುತ್ತದೆ. ಇಡೀ ಕೇಬಲ್ಲಿಗೆ ಹಾಕಿದರೆ ಹೋಗುವ ಕರೆಂಟು, ಬರುವ ಕರೆಂಟು ಒಂದನ್ನೊಂದು ಹೊಡೆದು ಸೊನ್ನೆ ಬರುತ್ತದೆ. "ಎಸಿ ಕರೆಂಟೇ ಎಳೀತಿಲ್ಲ" ಎಂದು ಫೋನ್ ಮಾಡುವವರಲ್ಲಿ ಅರ್ಧ ಜನ ಮಾಡಿರುವುದು ಇದನ್ನೇ.

ಟೆಸ್ಟರ್ ಸ್ಕ್ರೂಡ್ರೈವರ್ ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ. ಫೇಸ್ ಇದೆಯಾ ಎಂದಷ್ಟೇ ಅದು ಹೇಳುತ್ತದೆ. ನ್ಯೂಟ್ರಲ್ ಕಟ್ಟಾಗಿದ್ದರೂ ಅದರ ದೀಪ ಉರಿಯುತ್ತದೆ.

## ಮೀಟರ್ ಹಿಡಿಯುವ ಮೊದಲು

ವ್ಯಾನಿನ ಬಾಡಿ ಮುಟ್ಟಿದರೆ ಜುಮ್ ಅನ್ನುತ್ತಿದೆಯಾ? ಹಾಗಿದ್ದರೆ ಮುಂದಿನ ಯಾವ ಹಂತವೂ ಬೇಡ. ಬಾಡಿ ಮುಟ್ಟದೆ ಸಾಕೆಟ್ ಇರುವ ಮನೆಯ ಮೇನ್ ಆಫ್ ಮಾಡಿ, ಆಮೇಲೆ ಪ್ಲಗ್ ತೆಗೆಯಿರಿ. ವ್ಯಾನ್ ನಿಂತಿರುವುದು ರಬ್ಬರ್ ಟೈರ್ ಮೇಲೆ. ಅರ್ಥಿಂಗ್ ಇಲ್ಲದಿದ್ದರೆ ಸೋರಿದ ಕರೆಂಟಿಗೆ ನೆಲ ಸೇರಲು ದಾರಿ ಇಲ್ಲ. ಸಮುದ್ರದಲ್ಲಿ ಮಿಂದು, ಒದ್ದೆ ಕಾಲಲ್ಲಿ ಮರಳ ಮೇಲೆ ನಿಂತು ನೀವು ಬಾಗಿಲು ಹಿಡಿದ ಕೂಡಲೇ ನೀವೇ ಆ ದಾರಿ. "ಸ್ವಲ್ಪ ಶಾಕ್ ಹೊಡೀತದೆ ಅಷ್ಟೇ" ಎನ್ನುವ ಮಾತು ಕೇಳಿದಾಗೆಲ್ಲ ನನಗೆ ಭಯವಾಗುತ್ತದೆ.

ಬಿಚ್ಚುವ ಕೆಲಸ ಇರುವ ಹಂತಗಳಲ್ಲಿ ಪ್ಲಗ್ ಕಿತ್ತು, ಅದರ ತಲೆಯನ್ನು ವ್ಯಾನಿನ ಒಳಗೆ ತಂದಿಡಿ. ಹೊರಗೆ ಬಿದ್ದಿದ್ದರೆ ಯಾರಾದರೂ ಸಹಾಯ ಮಾಡಲು ಹೋಗಿ ಮತ್ತೆ ಚುಚ್ಚುತ್ತಾರೆ. ಬ್ಯಾಟರಿ ಇನ್ವರ್ಟರ್ ಮತ್ತು ಜನರೇಟರ್ ಕೂಡ ಆಫ್ ಇರಬೇಕು. ಕೆಲವು ವ್ಯಾನ್‌ಗಳಲ್ಲಿ ಹೊರಗಿನ ಕರೆಂಟು ಹೋದ ತಕ್ಷಣ ಇನ್ವರ್ಟರ್ ತಾನಾಗಿಯೇ ಆನ್ ಆಗುತ್ತದೆ. ಇದನ್ನು ಮರೆಯಬೇಡಿ.

## ಹಂತ 1: ಐದು ನಿಮಿಷ ಸುಮ್ನೆ ಕೇಳಿ

ಎಸಿ ಆನ್ ಮಾಡಿ, ಉಷ್ಣತೆ 18ಕ್ಕೆ ಇಳಿಸಿ, ಪೂರ್ತಿ ಐದು ನಿಮಿಷ ಕಾಯಿರಿ. ಒಮ್ಮೆ ನಿಂತ ಕಂಪ್ರೆಸರ್ ಮತ್ತೆ ಸ್ಟಾರ್ಟ್ ಆಗಲು ಸಾಮಾನ್ಯವಾಗಿ ಎರಡು ಮೂರು ನಿಮಿಷದ ತಡೆ ಇರುತ್ತದೆ. ಅದು ದೋಷ ಅಲ್ಲ. ಆನ್, ಆಫ್, ಆನ್, ಆಫ್ ಮಾಡುತ್ತಾ ಕೂತರೆ ಪ್ರತಿ ಸಲವೂ ಆ ತಡೆ ಮೊದಲಿನಿಂದ ಶುರುವಾಗುತ್ತದೆ.

ಏನೂ ಆಗದಿದ್ದರೆ, ಫ್ಯಾನೂ ತಿರುಗದಿದ್ದರೆ, ಸಪ್ಲೈ ಅಥವಾ ಕಂಟ್ರೋಲ್ ಬೋರ್ಡ್ ನೋಡಬೇಕು. ಫ್ಯಾನ್ ತಿರುಗುತ್ತದೆ, ಮೇಲೆ 'ಗುಂಯ್' ಎಂದು ಕೆಲವು ಸೆಕೆಂಡ್ ಸದ್ದಾಗಿ 'ಟಕ್' ಎಂದು ನಿಲ್ಲುತ್ತದೆ ಎಂದರೆ ಕಂಪ್ರೆಸರ್ ಏಳಲು ಒದ್ದಾಡುತ್ತಿದೆ. ವೋಲ್ಟೇಜ್ ಕಮ್ಮಿ ಇರಬಹುದು, ಕೆಪಾಸಿಟರ್ ಸೋತಿರಬಹುದು. ಫ್ಯಾನ್ ತಿರುಗಿ, ಗುಂಯ್ ಸದ್ದೂ ಇಲ್ಲದಿದ್ದರೆ ಕಂಪ್ರೆಸರ್‌ಗೆ ಕರೆಂಟೇ ಹೋಗುತ್ತಿಲ್ಲ. ಆನ್ ಮಾಡಿದ ಕ್ಷಣಕ್ಕೇ ಎಂಸಿಬಿ (ಕರೆಂಟು ಮಿತಿ ಮೀರಿದರೆ ಆಫ್ ಆಗುವ ಸ್ವಿಚ್) ಬಿದ್ದರೆ ಶಾರ್ಟ್. ಆರ್‌ಸಿಸಿಬಿ (ಕರೆಂಟು ಸೋರಿದರೆ ಆಫ್ ಆಗುವ ಸ್ವಿಚ್) ಬಿದ್ದರೆ ಕರೆಂಟು ಸೋರುತ್ತಿದೆ, ಅದಕ್ಕೆ ಹಂತ 7.

ಸಮಯವನ್ನೂ ಬರೆದಿಟ್ಟುಕೊಳ್ಳಿ. ಬೆಳಗಿನ ಜಾವ ಸರಿಯಾಗಿ ಓಡುವ ಎಸಿ ಸಂಜೆ ಏಳು ಗಂಟೆಗೆ ಕೈ ಕೊಡುತ್ತದಾ? ಎಲ್ಲರ ಮನೆಯಲ್ಲೂ ಲೋಡ್ ಏರಿ ವೋಲ್ಟೇಜ್ ಇಳಿಯುವ ಹೊತ್ತದು, ಹಾಗಾಗಿ ತಪ್ಪು ನಿಮ್ಮ ವ್ಯಾನಿನದ್ದಲ್ಲದಿರುವ ಸಾಧ್ಯತೆಯೇ ಜಾಸ್ತಿ.

## ಹಂತ 2: ಸಾಕೆಟ್, ಲೋಡ್ ಇಲ್ಲದೆ ಮತ್ತು ಲೋಡ್ ಹಾಕಿ

ಇದು ಇಡೀ ಕೆಲಸದಲ್ಲಿ ಮುಖ್ಯವಾದ ಹಂತ. ಅವಸರ ಮಾಡಬೇಡಿ.

ಮೊದಲು ಹೋಂಸ್ಟೇಯವರನ್ನು ಕೇಳಿ: "ಅಣ್ಣ, ಇದು 16 ಆಂಪಿಯರ್ ಸಾಕೆಟ್ಟಾ? ಮೀಟರ್ ಬೋರ್ಡಿಂದ ನೇರ ಬಂದಿದ್ಯಾ?" ತೋಟದ ದೀಪಕ್ಕೆಂದು ಎಳೆದ 6 ಆಂಪಿಯರ್ ಲೈನಿಗೆ ಕನ್ವರ್ಶನ್ ಪ್ಲಗ್ ಹಾಕಿ ಎಸಿ ಓಡಿಸುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಓಡುತ್ತದೆ, ಸ್ವಲ್ಪ ಹೊತ್ತು.

ಎಸಿ ಆಫ್ ಇರುವಾಗ ಮೂರು ಅಳತೆ ತೆಗೆಯಿರಿ. ಫೇಸ್‌ನಿಂದ ನ್ಯೂಟ್ರಲ್‌ಗೆ ಸುಮಾರು 230 ಬರಬೇಕು. ಫೇಸ್‌ನಿಂದ ಅರ್ಥಿಂಗ್‌ಗೂ ಹೆಚ್ಚು ಕಮ್ಮಿ ಅಷ್ಟೇ ಬರಬೇಕು. ನ್ಯೂಟ್ರಲ್‌ನಿಂದ ಅರ್ಥಿಂಗ್‌ಗೆ ಒಂದೆರಡು ವೋಲ್ಟ್ ಸಾಕು. ಎರಡನೇ ಅಳತೆಯಲ್ಲಿ 90, 120 ಎಂದು ತೇಲಾಡುವ ಅಂಕಿ ಬಂದರೆ ಅರ್ಥಿಂಗ್ ಬರೀ ಹೆಸರಿಗೆ ಇದೆ. ಆ ಸಾಕೆಟ್ ಬೇಡ.

ಈಗ ಎಸಿ ಆನ್ ಮಾಡಿ, ಕಂಪ್ರೆಸರ್ ಓಡುವಾಗ ಅದೇ ಅಳತೆ ಮತ್ತೆ. ಆಫ್ ಇದ್ದಾಗ 230 ತೋರಿಸಿದ ಸಾಕೆಟ್ ಲೋಡ್ ಬಿದ್ದ ಮೇಲೆ 190ಕ್ಕೆ ಕುಸಿಯಬಹುದು. "ಮೀಟರ್ ಹಾಕಿ ನೋಡಿದೆ, ಕರೆಂಟು ಸರಿ ಇದೆ" ಎನ್ನುವವರು ನೋಡಿರುವುದು ಆಫ್ ಇದ್ದಾಗಿನದ್ದು. 230 ವೋಲ್ಟ್ ಯಂತ್ರಕ್ಕೆ ಶೇ. 10ರ ಏರಿಳಿತ ಲೆಕ್ಕ ಹಿಡಿದರೆ 207ರಿಂದ 253. ಓಡುವಾಗ 207ಕ್ಕಿಂತ ಕೆಳಗಿದ್ದರೆ ಎಸಿ ನಿಲ್ಲಿಸಿ. ಕಮ್ಮಿ ವೋಲ್ಟೇಜ್‌ನಲ್ಲಿ ಕಂಪ್ರೆಸರ್ ಜಾಸ್ತಿ ಆಂಪಿಯರ್ ಎಳೆದು ಬಿಸಿಯಾಗುತ್ತದೆ.

253 ಮೀರಿದರೂ ಕಿತ್ತುಹಾಕಿ. ಮಳೆಗಾಲದಲ್ಲಿ ಮರ ಬಿದ್ದು ಲೈನಿನ ನ್ಯೂಟ್ರಲ್ ಕಟ್ಟಾದರೆ ಮನೆಯೊಳಗೆ 300ಕ್ಕೂ ಜಾಸ್ತಿ ವೋಲ್ಟ್ ಬರಬಹುದು. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುವ ಕರಾವಳಿಯಲ್ಲಿ ಇದನ್ನು ಮನಸ್ಸಲ್ಲಿ ಇಟ್ಟುಕೊಂಡೇ ಪ್ಲಗ್ ಚುಚ್ಚಬೇಕು, ಅಲ್ವಾ?

ಲೋಡ್ ಬಿದ್ದಾಗ ನ್ಯೂಟ್ರಲ್–ಅರ್ಥಿಂಗ್ ನಡುವಿನ ಅಂಕಿ 2ರಿಂದ 10, 15ಕ್ಕೆ ಹಾರಿದರೆ ನ್ಯೂಟ್ರಲ್ ಎಲ್ಲೋ ಸಡಿಲವಾಗಿದೆ ಅಥವಾ ತೆಳ್ಳಗಿದೆ. ಅದು ಮನೆಯವರ ಎಲೆಕ್ಟ್ರಿಷಿಯನ್ ಕೆಲಸ.

## ಹಂತ 3: ವೈರ್ ಮತ್ತು ಪ್ಲಗ್

ಗಾಳಿಮರದ ನೆರಳಲ್ಲಿ ನಿಲ್ಲಿಸಬೇಕು ಎಂದು ಸಾಕೆಟ್‌ನಿಂದ ದೂರ ಹೋಗುತ್ತೇವೆ. 30 ಮೀಟರ್ ವೈರ್ ಎಳೆದರೆ ಕರೆಂಟು ಹೋಗಿ ಬರಲು 60 ಮೀಟರ್ ತಾಮ್ರ. 2.5 ಚದರ ಮಿ.ಮೀ. ವೈರ್‌ನಲ್ಲಿ ಇದರ ರೆಸಿಸ್ಟೆನ್ಸ್ ಸುಮಾರು 0.45 ಓಮ್. ಎಸಿ 8 ಆಂಪಿಯರ್ ಎಳೆದರೆ ಮೂರೂವರೆ ವೋಲ್ಟ್ ಹೋಗುತ್ತದೆ. ತೊಂದರೆ ಇಲ್ಲ. ಅದೇ 0.75 ಚದರ ಮಿ.ಮೀ. ವೈರ್‌ನ ಅಗ್ಗದ ಎಕ್ಸ್‌ಟೆನ್ಶನ್ ಆದರೆ ಸುಮಾರು 1.5 ಓಮ್. ಓಡುವಾಗ 12 ವೋಲ್ಟ್ ನಷ್ಟ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಸ್ಟಾರ್ಟ್ ಆಗುವ ಕ್ಷಣದಲ್ಲಿ ಕಂಪ್ರೆಸರ್ ನಾಲ್ಕೈದು ಪಟ್ಟು ಕರೆಂಟು ಕೇಳುತ್ತದೆ. 35 ಆಂಪಿಯರ್ ಎಂದಿಟ್ಟುಕೊಳ್ಳಿ. ವೈರ್‌ನಲ್ಲೇ 50 ವೋಲ್ಟ್ ಮಾಯ! ಕಂಪ್ರೆಸರ್ ಪಾಲಿಗೆ ಉಳಿಯುವುದು 180. ಗುಂಯ್, ಟಕ್.

ಒಂದು ಸುಲಭ ಪರೀಕ್ಷೆ ಇದೆ. ಎಸಿ ಓಡುವಾಗ ಸಾಕೆಟ್ ಬಳಿ ಒಮ್ಮೆ, ವ್ಯಾನಿನ ಒಳಗಿನ ಸಾಕೆಟ್‌ನಲ್ಲಿ ಒಮ್ಮೆ ವೋಲ್ಟೇಜ್ ಅಳೆಯಿರಿ. ಎರಡರ ನಡುವೆ 7 ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ದಾರಿಯಲ್ಲಿ ಏನೋ ಕೆಟ್ಟಿದೆ.

ಹದಿನೈದು ನಿಮಿಷ ಓಡಿಸಿ, ಆಫ್ ಮಾಡಿ, ಪ್ಲಗ್ ಕಿತ್ತು ತಲೆಯನ್ನು ಕೈಯಲ್ಲಿ ಹಿಡಿಯಿರಿ. ಬೆಚ್ಚಗಿದ್ದರೆ ಪರವಾಗಿಲ್ಲ. ಹಿಡಿಯಲಾಗದಷ್ಟು ಬಿಸಿ, ಪಿನ್ ಮೇಲೆ ಕಪ್ಪು, ಪ್ಲಾಸ್ಟಿಕ್ ಕಂದು, ಮೀನು ಕೊಳೆತಂಥ ವಾಸನೆ, ಇವುಗಳಲ್ಲಿ ಒಂದಿದ್ದರೂ ಪ್ಲಗ್ ಬದಲಿಸಿ. ಸಾಕೆಟ್ ಕೂಡ ಬದಲಾಗಬೇಕು. ಸುಟ್ಟ ಸಾಕೆಟ್ ಹೊಸ ಪ್ಲಗ್ಗನ್ನೂ ಸುಡುತ್ತದೆ. ವಾಸನೆ ವಿಷಯದಲ್ಲಿ ಕಾರವಾರ ಬಂದರಿನ ಹತ್ತಿರ ನಿಲ್ಲಿಸಿದವರು ಮೋಸ ಹೋಗಬಹುದು, ಎಚ್ಚರ.

ಉಪ್ಪುಗಾಳಿಗೆ ತಾಮ್ರ ಹಸಿರಾಗುತ್ತದೆ. ಪ್ಲಗ್ ಬಿಚ್ಚಿದಾಗ ವೈರ್ ತುದಿ ಹಸಿರು ಅಥವಾ ಕಪ್ಪಾಗಿದ್ದರೆ, ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಮತ್ತೆ ಕಟ್ಟಿ. ಹಸಿರು ತುದಿಯನ್ನೇ ಜೋರಾಗಿ ಬಿಗಿದರೆ ಏನೂ ಪ್ರಯೋಜನ ಇಲ್ಲ. ಇನ್ನೊಂದು: ಉಳಿದ ಕೇಬಲ್ಲನ್ನು ಸುರುಳಿ ಸುತ್ತಿ ಇಡಬೇಡಿ. ಸುರುಳಿಯೊಳಗೆ ಬಿಸಿ ಹೊರಹೋಗದೆ ಸಿಪ್ಪೆ ಕರಗುತ್ತದೆ. ಪೂರ್ತಿ ಬಿಡಿಸಿ ಹರಡಿ.

## ಹಂತ 4: ಬ್ಯಾಟರಿ ಇನ್ವರ್ಟರ್ ಅಥವಾ ಜನರೇಟರ್ ಮೇಲೆ ಓಡಿಸುವುದಾದರೆ

ಹೊರಗಿನ ಕರೆಂಟಿನಲ್ಲಿ ಎಸಿ ಓಡಿ, ಇನ್ವರ್ಟರ್‌ನಲ್ಲಿ ಮಾತ್ರ ಓಡದಿದ್ದರೆ ಎಸಿಯನ್ನು ಬಿಟ್ಟುಬಿಡಿ. ಅದು ನಿರಪರಾಧಿ.

ಇನ್ವರ್ಟರ್ ಶುದ್ಧ ಸೈನ್ ವೇವ್‌ದೇ ಆಗಿರಬೇಕು. ಸ್ಕ್ವೇರ್ ವೇವ್‌ನದ್ದರಲ್ಲಿ ಮೋಟಾರ್ ಗುರುಗುಟ್ಟುತ್ತದೆ, ಬಿಸಿಯಾಗುತ್ತದೆ. 12 ವೋಲ್ಟ್ ಬ್ಯಾಟರಿಯಿಂದ 1200 ವ್ಯಾಟ್ ಎಳೆದರೆ 100 ಆಂಪಿಯರ್‌ಗೂ ಜಾಸ್ತಿ. ಇಷ್ಟು ಕರೆಂಟಿಗೆ ಪ್ರತಿ ಜೋಡಣೆಯೂ ಒಂದು ಪರೀಕ್ಷೆ. ಎಸಿ ಓಡುವಾಗ ಮೀಟರನ್ನು ಡಿಸಿ ವೋಲ್ಟ್‌ಗೆ ಹಾಕಿ, ಒಂದು ಮುಳ್ಳು ಬ್ಯಾಟರಿಯ ಸೀಸದ ಗುಬುಟಿನ ಮೇಲೆ, ಇನ್ನೊಂದು ಅದಕ್ಕೆ ಬಿಗಿದ ಲಗ್ (ವೈರ್ ತುದಿಯ ಲೋಹದ ಬಳೆ) ಮೇಲೆ ಇಡಿ. ಅಲ್ಲಿ 0.3 ವೋಲ್ಟ್ ಬಂತೆಂದರೆ ಆ ಒಂದೇ ಜಾಗದಲ್ಲಿ 30 ವ್ಯಾಟ್ ಬಿಸಿ. 25 ವ್ಯಾಟ್‌ನ ಸೋಲ್ಡರಿಂಗ್ ಐರನ್‌ಗಿಂತ ಜಾಸ್ತಿ! ಹೀಗೆ ಫ್ಯೂಸ್, ಸ್ವಿಚ್, ಇನ್ವರ್ಟರ್ ಲಗ್ ಎಲ್ಲವನ್ನೂ ಒಂದೊಂದಾಗಿ ಅಳೆಯಿರಿ. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿ ಬಂದ ಮೇಲೆ ಲಗ್‌ಗಳನ್ನು ಒಮ್ಮೆ ಬಿಗಿಮಾಡುವುದು ನನ್ನ ಅಭ್ಯಾಸ.

2 ಕೆವಿಎಯ ಸಣ್ಣ ಜನರೇಟರ್‌ಗೆ 1 ಟನ್‌ನ ಸಾಮಾನ್ಯ ಕಂಪ್ರೆಸರ್ ಎಬ್ಬಿಸುವುದು ಕಷ್ಟ. ಸ್ಟಾರ್ಟ್ ಆಗುವಾಗಿನ ಕರೆಂಟು ತಗ್ಗಿಸುವ ಸಾಫ್ಟ್ ಸ್ಟಾರ್ಟರ್ ಹಾಕಿದರೆ ಸುಲಭವಾಗುತ್ತದೆ. ಮೀಟರ್‌ನಲ್ಲಿ ಹರ್ಟ್ಸ್ ಇದ್ದರೆ ನೋಡಿ, ಲೋಡ್ ಬಿದ್ದಾಗ 50ರ ಆಸುಪಾಸು ಇರಬೇಕು.

## ಹಂತ 5: ಕಂಟ್ರೋಲ್ ಬೋರ್ಡ್ ಮತ್ತು 12 ವೋಲ್ಟ್

ಬಹಳ ರೂಫ್‌ಟಾಪ್ ಎಸಿಗಳಲ್ಲಿ ಕಂಪ್ರೆಸರ್ 230 ವೋಲ್ಟ್‌ನದ್ದಾದರೂ ಬುದ್ಧಿ 12 ವೋಲ್ಟ್‌ನದ್ದು. ಬ್ಯಾಟರಿ ಸೋತರೆ ಹೊರಗೆ ಎಷ್ಟು ಒಳ್ಳೆಯ ಕರೆಂಟು ಇದ್ದರೂ ಥರ್ಮೋಸ್ಟಾಟ್ ಕುರುಡು. ಬೋರ್ಡ್ ಬಳಿ 11 ವೋಲ್ಟ್‌ಗಿಂತ ಕಮ್ಮಿ ಇದ್ದರೆ ರಿಲೇ (ಬೋರ್ಡ್ ಹೇಳಿದಂತೆ ಕೂಡುವ ಸ್ವಿಚ್) ಟಕಟಕ ಅನ್ನುವುದು, ತಾನಾಗಿ ರೀಸೆಟ್ ಆಗುವುದು ಎಲ್ಲ ಶುರು. ಫ್ಯಾನ್ ಓಡುವಾಗ ಅಳೆಯಿರಿ. ಸಣ್ಣ ಫ್ಯೂಸನ್ನು ಕಣ್ಣಲ್ಲಿ ನೋಡಿ ಬಿಡಬೇಡಿ, ಕಿತ್ತು ಮೀಟರ್‌ನಲ್ಲಿ ಕಂಟಿನ್ಯೂಟಿ (ಕರೆಂಟು ದಾಟುತ್ತದಾ ಎಂದು) ನೋಡಿ.

ಕಾಯಿಲ್ (ಗ್ಯಾಸ್ ಹರಿಯುವ ಕೊಳವೆಗಳ ಸುರುಳಿ) ಮೇಲೆ ಸಿಕ್ಕಿಸಿದ ಉಷ್ಣತೆಯ ಸೆನ್ಸರ್ ಕೆಟ್ಟರೆ, "ಮಂಜುಗಟ್ಟಿದೆ" ಎಂದು ತಿಳಿದು ಬೋರ್ಡ್ ಕಂಪ್ರೆಸರ್ ನಿಲ್ಲಿಸುತ್ತದೆ. ಕನೆಕ್ಟರ್ ಬಿಚ್ಚಿ ಓಮ್ ಅಳೆಯಿರಿ. ಸಾಮಾನ್ಯವಾಗಿ 25 ಡಿಗ್ರಿಯಲ್ಲಿ 5 ಅಥವಾ 10 ಕಿಲೋ ಓಮ್ ಇರುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಅಂಕಿ ನಿಧಾನವಾಗಿ ಇಳಿಯಬೇಕು. ಅಲ್ಲಾಡದಿದ್ದರೆ ಅಥವಾ ಎಗರಾಡಿದರೆ ಸೆನ್ಸರ್ ಹೋಗಿದೆ.

## ಹಂತ 6: ಈಗ ಛಾವಣಿ ಹತ್ತಿ

ಬೆಳಿಗ್ಗೆ ಅಥವಾ ಇಳಿಹೊತ್ತಿನಲ್ಲಿ ಹತ್ತಿ, ಒದ್ದೆ ತಗಡಿನ ಮೇಲೆ ಬೇಡವೇ ಬೇಡ. ಕಿತ್ತ ಪ್ಲಗ್ ವ್ಯಾನಿನ ಒಳಗಿದೆ, ಇನ್ವರ್ಟರ್ ಆಫ್ ಇದೆ ಎಂದು ಇನ್ನೊಮ್ಮೆ ನೋಡಿ. ಮುಚ್ಚಳ ತೆಗೆದು ಮೊದಲು ಕಣ್ಣಿಂದಲೇ ಹುಡುಕಿ. ಇಲಿ ಕಡಿದ ವೈರ್, ರಿಲೇ ಸಂದಿಯಲ್ಲಿ ಸತ್ತ ಇರುವೆಗಳು, ಬೋರ್ಡ್‌ಗೆ ಅಡ್ಡ ಬಿದ್ದ ಹಲ್ಲಿ, ಸುಟ್ಟು ಕಪ್ಪಾದ ಸ್ಪೇಡ್ ಟರ್ಮಿನಲ್. ನಗಬೇಡಿ ಮಾರಾಯ್ರೆ, ಇರುವೆ ಸಿಕ್ಕಿಬಿದ್ದ ರಿಲೇ ಕೂಡೋದೇ ಇಲ್ಲ.

ಕೆಪಾಸಿಟರ್. ಪ್ಲಗ್ ಕಿತ್ತಿದ್ದರೂ ಇದರಲ್ಲಿ ಕರೆಂಟು ಉಳಿದಿರಬಹುದು. ರೆಸಿಸ್ಟರ್ ಅನ್ನು ಡಬ್ಬಿಯ ಮೇಲೆ ಗುರುತಿಸಿದ 'ಸಿ' (ಕಾಮನ್) ಮತ್ತು 'ಹರ್ಮ್' (ಕಂಪ್ರೆಸರ್‌ನದ್ದು) ನಡುವೆ ಹತ್ತು ಸೆಕೆಂಡ್, ಆಮೇಲೆ 'ಸಿ' ಮತ್ತು 'ಫ್ಯಾನ್' ನಡುವೆ ಹತ್ತು ಸೆಕೆಂಡ್ ಹಿಡಿಯಿರಿ. ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೆಯೇ ಮುಟ್ಟಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಚಟ ಬಿಡಿ. ವೈರ್‌ಗಳ ಫೋಟೋ ತೆಗೆದು ನಂತರ ಕಳಚಿ. ಮೇಲೆ 50 ಮೈಕ್ರೋಫ್ಯಾರಡ್, ಪ್ಲಸ್ ಮೈನಸ್ ಶೇ. 5 ಎಂದಿದ್ದರೆ 47.5ರಿಂದ 52.5 ಬರಬೇಕು. 45ಕ್ಕಿಂತ ಕಮ್ಮಿ ಬಂದರೆ, ಅಥವಾ ಡಬ್ಬಿಯ ತಲೆ ಉಬ್ಬಿದ್ದರೆ, ಎಣ್ಣೆ ಸೋರಿದ್ದರೆ ಬದಲಿಸಿ. ಹೊಸದು ಅದೇ ಮೈಕ್ರೋಫ್ಯಾರಡ್ ಇರಲಿ. ವೋಲ್ಟ್ ಹಳೆಯದರಷ್ಟೇ ಅಥವಾ ಜಾಸ್ತಿ ಇರಬಹುದು, ಕಮ್ಮಿ ಇರಬಾರದು. "ದೊಡ್ಡದು ಹಾಕಿದ್ರೆ ಜೋರಾಗಿ ಸ್ಟಾರ್ಟ್ ಆಗುತ್ತೆ" ಎನ್ನುವ ಅಂಗಡಿಯವರ ಮಾತು ಕೇಳಬೇಡಿ.

ಕಂಪ್ರೆಸರ್ ವೈಂಡಿಂಗ್, ಅಂದರೆ ಮೋಟಾರಿನ ತಂತಿ ಸುತ್ತು. ಸಿ, ಎಸ್, ಆರ್ (ಕಾಮನ್, ಸ್ಟಾರ್ಟ್, ರನ್) ಎಂಬ ಮೂರು ಪಿನ್. ವೈರ್ ಕಳಚಿ ಮೂರು ಜೋಡಿ ಅಳೆಯಿರಿ. ಉದಾಹರಣೆಗೆ ಸಿ–ಆರ್ 2.1 ಓಮ್, ಸಿ–ಎಸ್ 4.3 ಬಂದರೆ ಆರ್–ಎಸ್ 6.4 ಬರಬೇಕು. ಚಿಕ್ಕವೆರಡರ ಮೊತ್ತವೇ ದೊಡ್ಡದು. ಮೊದಲು ಮೀಟರ್‌ನ ಎರಡು ಮುಳ್ಳು ಸೇರಿಸಿ ಬರುವ 0.2 ಅಥವಾ 0.3 ಓಮ್ ಕಳೆಯಲು ಮರೆಯಬೇಡಿ.

ಆರ್–ಎಸ್ ಸರಿ ಬಂದು, ಸಿಯಿಂದ ಎರಡೂ ಕಡೆ ಓಪನ್ (ದಾರಿ ಕಡಿದಿದೆ ಎಂದು) ಬಂದರೆ ಕಂಪ್ರೆಸರ್ ಸತ್ತಿದೆ ಎಂದು ಬರೆದುಬಿಡಬೇಡಿ. ಬಿಸಿಯಾದಾಗ ಕರೆಂಟು ಕಡಿಯುವ ಓವರ್‌ಲೋಡ್ ಸ್ವಿಚ್ ಬಿಟ್ಟುಕೊಂಡಿರಬಹುದು. ಒಂದೆರಡು ಗಂಟೆ ತಣ್ಣಗಾಗಲು ಬಿಟ್ಟು ಮತ್ತೆ ಅಳೆಯಿರಿ. ಒಳ್ಳೆಯ ಕಂಪ್ರೆಸರ್‌ಗಳು ಗುಜರಿಗೆ ಹೋಗುವುದು ಈ ಎರಡು ಗಂಟೆಯ ತಾಳ್ಮೆ ಇಲ್ಲದೆ. ತಣ್ಣಗಾದ ಮೇಲೂ ಓಪನ್ ಇದ್ದರೆ ಓವರ್‌ಲೋಡ್ ಹೊರಗಿನದ್ದಾ ನೋಡಿ, ಅದನ್ನು ಬದಲಿಸಬಹುದು. ಯಾವುದೇ ಪಿನ್‌ನಿಂದ ತಾಮ್ರದ ಕೊಳವೆಗೆ ಓಮ್ ತೋರಿಸಿದರೆ ಕತೆ ಮುಗಿದಂತೆ.

## ಹಂತ 7: ಆರ್‌ಸಿಸಿಬಿ ಬೀಳುತ್ತಿದ್ದರೆ

30 ಮಿಲಿ ಆಂಪಿಯರ್ ಸೋರಿದರೆ ಅದು ಬೀಳುತ್ತದೆ, ಬೀಳಲೇಬೇಕು. ಅದನ್ನು ಬೈಪಾಸ್ ಮಾಡಿ ಒಂದು ರಾತ್ರಿ ಕಳೆಯುತ್ತೇನೆ ಎನ್ನಬೇಡಿ.

ಮಳೆ ಬಂದ ಮರುದಿನ ಬೆಳಿಗ್ಗೆ ಬಿದ್ದು, ಬಿಸಿಲೇರಿದ ಮೇಲೆ ಸರಿ ಹೋದರೆ ಜಂಕ್ಷನ್ ಬಾಕ್ಸ್‌ಗೆ ನೀರು ಇಳಿಯುತ್ತಿದೆ. ಉಪ್ಪು ಕೂತಲ್ಲಿ ತೇವ ಸೇರಿದರೆ ಕರೆಂಟು ಹರಿಯುತ್ತದೆ. ಹಾಗಲ್ಲದೆ ಯಾವಾಗಲೂ ಬಿದ್ದರೆ ಒಂದೊಂದೇ ಭಾಗ ಕಳಚಿ ನೋಡಿ. ಮೊದಲು ಹೀಟರ್ ಎಲಿಮೆಂಟ್, ಆಮೇಲೆ ಫ್ಯಾನ್, ಕೊನೆಗೆ ಕಂಪ್ರೆಸರ್. ಪ್ರತಿ ಸಲವೂ ಪ್ಲಗ್ ಕಿತ್ತು, ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಕಳಚಿದ ವೈರ್ ತುದಿಗೆ ಟೇಪ್ ಸುತ್ತಿ, ಮುಚ್ಚಳ ಹಾಕಿ, ಆಮೇಲೆ ಆನ್. ಯಾವುದನ್ನು ಕಳಚಿದಾಗ ಬೀಳುವುದು ನಿಲ್ಲುತ್ತದೋ ಅದೇ ಕಳ್ಳ. 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಇದ್ದವರು ಬಳಸಬಹುದು, ಆದರೆ ಕಂಟ್ರೋಲ್ ಬೋರ್ಡ್ ಪೂರ್ತಿ ಕಳಚಿದ ಮೇಲೆ. ಇಲ್ಲದಿದ್ದರೆ ಬೋರ್ಡ್ ಸುಡುತ್ತದೆ.

## ಹಂತ 8: ಹೀಟ್ ಪಂಪ್

ಕರಾವಳಿಯಲ್ಲಿ ಇದು ಯಾರಿಗೂ ಬೇಡ, ಹಾಗಾಗಿ ವರ್ಷವಿಡೀ ಕೆಟ್ಟೇ ಕೂತಿದ್ದರೂ ಗೊತ್ತಾಗುವುದಿಲ್ಲ. ಡಿಸೆಂಬರ್‌ನಲ್ಲಿ ಘಟ್ಟದ ಮೇಲೆ ಹೋದಾಗ ಹೀಟ್ ಹಾಕಿದರೆ ತಣ್ಣನೆ ಗಾಳಿ.

ಕಂಪ್ರೆಸರ್ ಓಡುತ್ತದೆ, ಗಾಳಿ ಮಾತ್ರ ಉಲ್ಟಾ ಎಂದರೆ ಗ್ಯಾಸಿನ ದಿಕ್ಕು ಬದಲಿಸುವ ರಿವರ್ಸಿಂಗ್ ವಾಲ್ವ್ ಹೊರಳಿಲ್ಲ. ಕೂಲ್‌ನಿಂದ ಹೀಟ್‌ಗೆ ಬದಲಿಸಿದಾಗ 'ಟಕ್' ಮತ್ತು 'ಸುಸ್ಸ್' ಸದ್ದು ಬರಬೇಕು. ಬರದಿದ್ದರೆ ಕರೆಂಟು ತೆಗೆದು ವಾಲ್ವ್ ಕಾಯಿಲ್‌ನ (ವಾಲ್ವ್ ಹೊರಳಿಸುವ ವಿದ್ಯುತ್ಕಾಂತದ) ಎರಡು ವೈರ್ ನಡುವೆ ಓಮ್ ನೋಡಿ. ಓಪನ್ ಬಂದರೆ ಕಾಯಿಲ್ ಬದಲಿಸಿ, ಅದು ಅಗ್ಗ. ಅಂಕಿ ಬಂದರೆ ಬೋರ್ಡ್‌ನಿಂದ ಕಾಯಿಲ್‌ಗೆ ವೋಲ್ಟೇಜ್ ಬರುತ್ತಿದೆಯಾ ನೋಡಬೇಕು. ಕೆಲವು ಯಂತ್ರಗಳಲ್ಲಿ ಹೀಟ್‌ಗೆ, ಕೆಲವದರಲ್ಲಿ ಕೂಲ್‌ಗೆ ಕರೆಂಟು ಬರುತ್ತದೆ, ಮುಚ್ಚಳದ ಒಳಗಿನ ಚಿತ್ರ ನೋಡಿ. ಕಾಯಿಲನ್ನು ವಾಲ್ವ್‌ನಿಂದ ಹೊರಗೆ ಎಳೆದು ಕರೆಂಟು ಕೊಟ್ಟು ಪರೀಕ್ಷಿಸಬೇಡಿ. ಒಳಗೆ ಕಬ್ಬಿಣ ಇಲ್ಲದಿದ್ದರೆ ಕೆಲವೇ ಹೊತ್ತಿನಲ್ಲಿ ಸುಟ್ಟುಹೋಗುತ್ತದೆ.

ಕಾಯಿಲ್ ಸರಿ, ವೋಲ್ಟೇಜ್ ಸರಿ, ಆದರೂ ಹೊರಳದಿದ್ದರೆ ವಾಲ್ವ್ ಒಳಗೆ ಸಿಕ್ಕಿಕೊಂಡಿದೆ. ಅದು ಬೆಸುಗೆ ಕೆಲಸ, ಮೆಕ್ಯಾನಿಕ್‌ಗೆ ಬಿಡಿ. ಇನ್ನು ಹಿಮಾಲಯದ ಕಡೆ ಹೋದಾಗ ಹೊರಗೆ 4 ಡಿಗ್ರಿ ಹತ್ತಿರ ಇಳಿದು ಹೀಟ್ ಪಂಪ್ ನಿಂತರೆ ದೋಷ ಹುಡುಕಬೇಡಿ. ಬಹಳ ರೂಫ್‌ಟಾಪ್ ಯಂತ್ರಗಳನ್ನು ಹಾಗೆಯೇ ಮಾಡಿರುತ್ತಾರೆ.

## ಹಂತ 9: ಮುಚ್ಚುವ ಮೊದಲು

ಎಲ್ಲ ಜೋಡಿಸಿ ಇಪ್ಪತ್ತು ನಿಮಿಷ ಓಡಿಸಿ. ಎಕ್ಸ್‌ಟೆನ್ಶನ್ ತುಂಡಿನ ಫೇಸ್ ವೈರ್‌ಗೆ ಕ್ಲ್ಯಾಂಪ್ ಹಾಕಿ, ಯಂತ್ರದ ಫಲಕದಲ್ಲಿ ಬರೆದಿರುವ ಆಂಪಿಯರ್ ಜೊತೆ ಹೋಲಿಸಿ. ಅದಕ್ಕಿಂತ ಬಹಳ ಜಾಸ್ತಿ ಇದ್ದರೆ ಮೊದಲು ಹೊರಗಿನ ಕಾಯಿಲ್‌ನಲ್ಲಿ ಕೂತ ಉಪ್ಪು, ಧೂಳು ತೊಳೆಯಿರಿ. ವೋಲ್ಟೇಜ್ ಸರಿ, ಕೆಪಾಸಿಟರ್ ಸರಿ, ಕಾಯಿಲ್ ಸ್ವಚ್ಛ, ಫ್ಯಾನ್ ಸರಿಯಾಗಿ ತಿರುಗುತ್ತಿದೆ, ಆದರೂ ಆಂಪಿಯರ್ ಫಲಕಕ್ಕಿಂತ ತುಂಬಾ ಕಮ್ಮಿ ಮತ್ತು ತಂಪಿಲ್ಲ ಎಂದಾದರೆ, ಈಗ ಗ್ಯಾಸ್ ಬಗ್ಗೆ ಮಾತಾಡೋಣ. ಸೋರುವ ಜಾಗ ಹುಡುಕದೆ ಬರೀ ಗ್ಯಾಸ್ ತುಂಬುತ್ತೇನೆ ಎನ್ನುವ ಮೆಕ್ಯಾನಿಕ್ ಬೇಡ.

ಇವತ್ತು ಬಂದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ: ದಿನಾಂಕ, ಓಡುವಾಗಿನ ವೋಲ್ಟ್, ಆಂಪಿಯರ್, ಕೆಪಾಸಿಟರ್‌ನ ಎರಡೂ ಅಂಕಿ (ಹರ್ಮ್, ಫ್ಯಾನ್), ವೈಂಡಿಂಗ್‌ನ ಮೂರು ಓಮ್. ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಒಂದು ಮಳೆಗಾಲದ ತೇವಕ್ಕೇ ಅಳಿಸಿಹೋಗುತ್ತದೆ.